ವಿದ್ಯುತ್ತನ್ನು ಕತ್ತರಿಸಿದ ಕಥೆ

ವಿದ್ಯುತ್ ರೈಲೊಂದು ನಿಲ್ದಾಣದಿಂದ ಹೊರಡುವುದನ್ನು ಗಮನಿಸಿದ್ದೀರಾ? ಮೊದಲು ಮೆಲ್ಲನೆ ಚಲಿಸಿ, ನೋಡುನೋಡುತ್ತಿದ್ದಂತೆ ವೇಗ ಪಡೆದು ಮರೆಯಾಗುತ್ತದೆ. ಆದರೆ ಅದಕ್ಕೆ ವಿದ್ಯುತ್ ಒದಗಿಸುವ ತಂತಿಯ ವೋಲ್ಟೇಜ್ ರೈಲು ನಿಂತಿದ್ದಾಗಲೂ ಅಷ್ಟೇ, ಓಡುವಾಗಲೂ ಹೆಚ್ಚುಕಡಿಮೆ ಅಷ್ಟೇ. ನಿಂತಿರುವ ಮೋಟಾರಿಗೆ ಪೂರ್ತಿ ವೋಲ್ಟೇಜನ್ನು ಒಮ್ಮೆಲೇ ಕೊಟ್ಟರೆ ಅಪಾರ ಪ್ರವಾಹ ನುಗ್ಗಿ ಸುರುಳಿಗಳು ಸುಟ್ಟುಹೋದಾವು. ಹಾಗಾದರೆ ಬೇಕಾದಷ್ಟನ್ನೇ ಅಳೆದು ಕೊಡುವುದು ಹೇಗೆ?

ಎ.ಸಿ. ಎನ್ನುವ ಪರ್ಯಾಯ ವಿದ್ಯುತ್ತಾದರೆ ವೋಲ್ಟೇಜನ್ನು ಏರಿಸಲು, ಇಳಿಸಲು ಟ್ರಾನ್ಸ್‌ಫಾರ್ಮರ್ ಇದೆ. ಡಿ.ಸಿ. ಎನ್ನುವ ನೇರ ವಿದ್ಯುತ್ತಿಗೆ ಆ ಅನುಕೂಲವಿಲ್ಲ. ಅದಕ್ಕಾಗಿ ಎಂಜಿನಿಯರುಗಳು ಕಂಡುಕೊಂಡ ಉಪಾಯದ ಹೆಸರು ಚಾಪರ್, ಅಂದರೆ ಕತ್ತರಿಸುವ ಸಾಧನ. ಸೆಕೆಂಡಿಗೆ ನೂರಾರು ಬಾರಿ ಸ್ವಿಚ್ಚನ್ನು ಹಾಕಿ ಆರಿಸಿ, ಹಾಕಿ ಆರಿಸಿ, ವಿದ್ಯುತ್ತನ್ನು ತುಂಡುತುಂಡಾಗಿ ಕೊಡುವುದು ಅದರ ಕೆಲಸ. ಕೇಳಲು ಸುಲಭ. ಆದರೆ ಮೋಟಾರಿನೊಳಗೆ ಇರುವುದು ತಂತಿಯ ಸುರುಳಿ. ತನ್ನಲ್ಲಿ ಹರಿಯುವ ಪ್ರವಾಹವನ್ನು ಯಾರಾದರೂ ಥಟ್ಟನೆ ಕತ್ತರಿಸುವುದನ್ನು ಸುರುಳಿ ಸಹಿಸುವುದಿಲ್ಲ.

ಸ್ವಿಚ್ಚು ಎಷ್ಟು ಹೊತ್ತು ಆನ್ ಇರಬೇಕು? ಎಷ್ಟು ಹೊತ್ತು ಆಫ್ ಇರಬೇಕು? ಆನ್ ಸ್ಥಿತಿಯಿಂದ ಆಫ್ ಸ್ಥಿತಿಗೆ ಬರಲು ಸ್ವಿಚ್ಚಿಗೇ ಎಷ್ಟು ಹೊತ್ತು ಬೇಕು? ಈ ಮೂರು ಕಾಲಗಳನ್ನು ಮನುಷ್ಯ ಲೆಕ್ಕ ಹಾಕಲು ಕಲಿತ ಕಥೆಯೇ ಚಾಪರಿನ ಇತಿಹಾಸ.

ಹೆನ್ರಿ ಕಂಡ ಕಿಡಿ

ಕಥೆ ಆರಂಭವಾಗುವುದು ಒಂದು ಕಿಡಿಯಿಂದ. ಅಮೆರಿಕದ ಆಲ್ಬನಿ ನಗರದಲ್ಲಿ ಅಧ್ಯಾಪಕರಾಗಿದ್ದ ಜೋಸೆಫ್ ಹೆನ್ರಿ 1832ರಲ್ಲಿ ಒಂದು ಪುಟ್ಟ ಸಂಗತಿಯನ್ನು ಪ್ರಕಟಿಸಿದರು. ಚಿಕ್ಕ ಬ್ಯಾಟರಿಯೊಂದರ ಎರಡು ತುದಿಗಳನ್ನು ಗಿಡ್ಡ ತಂತಿಯಿಂದ ಜೋಡಿಸಿ ಬಿಡಿಸಿದರೆ ಕಿಡಿ ಕಾಣುವುದಿಲ್ಲ. ಅದೇ ಬ್ಯಾಟರಿಗೆ ಮೂವತ್ತು ನಲವತ್ತು ಅಡಿ ಉದ್ದದ ತಂತಿ ಜೋಡಿಸಿ ಬಿಡಿಸಿದರೆ ಸ್ಪಷ್ಟವಾದ ಕಿಡಿ ಹಾರುತ್ತದೆ. ತಂತಿಯನ್ನು ಸುರುಳಿ ಸುತ್ತಿದರೆ ಪರಿಣಾಮ ಇನ್ನಷ್ಟು ಹೆಚ್ಚು.

ಬ್ಯಾಟರಿ ಅದೇ. ಹಾಗಾದರೆ ಕಿಡಿಯ ಶಕ್ತಿ ಎಲ್ಲಿಂದ ಬಂತು? ಪ್ರವಾಹ ಹರಿಯುವಾಗ ಸುರುಳಿಯ ಸುತ್ತ ಕಾಂತಕ್ಷೇತ್ರ ಏರ್ಪಟ್ಟು, ಅದರಲ್ಲಿ ಶಕ್ತಿ ಸಂಗ್ರಹವಾಗುತ್ತದೆ. ಪ್ರವಾಹ ನಿಂತರೆ ಕ್ಷೇತ್ರ ಕುಸಿಯುತ್ತದೆ. ಕುಸಿಯುವ ಕ್ಷೇತ್ರ ಆ ಪ್ರವಾಹವನ್ನೇ ಮುಂದುವರಿಸಲು ಹೊಸ ವೋಲ್ಟೇಜನ್ನು ಹುಟ್ಟಿಸುತ್ತದೆ. ನೀರು ಜೋರಾಗಿ ಹರಿಯುವಾಗ ನಲ್ಲಿಯನ್ನು ಥಟ್ಟನೆ ನಿಲ್ಲಿಸಿದರೆ ಪೈಪು ‘ಡಬ್’ ಎಂದು ಅದುರುತ್ತದಲ್ಲ, ಹಾಗೆ. ಸುರುಳಿಯ ಈ ಗುಣಕ್ಕೆ ಪ್ರೇರಕತೆ ಎಂದು ಹೆಸರು. ಅದರ ಅಳತೆಯ ಮಾನಕ್ಕೆ ಇಂದು ‘ಹೆನ್ರಿ’ ಎಂದೇ ಹೆಸರಿಡಲಾಗಿದೆ.

1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದನ್ನು ಗಣಿತಕ್ಕೆ ತಂದರು. ಸುರುಳಿಯಲ್ಲಿ ಪ್ರವಾಹ ಒಮ್ಮೆಲೇ ಏರುವುದಿಲ್ಲ, ಒಮ್ಮೆಲೇ ಇಳಿಯುವುದೂ ಇಲ್ಲ. ಒಂದು ನಿಗದಿತ ವಕ್ರರೇಖೆಯಲ್ಲಿ ಸಾಗುತ್ತದೆ. ಪ್ರೇರಕತೆಯನ್ನು ರೋಧದಿಂದ ಭಾಗಿಸಿದರೆ ಬರುವ ಕಾಲವನ್ನು ಮಂಡಲದ ಕಾಲ ಸ್ಥಿರಾಂಕ ಎನ್ನುತ್ತೇವೆ. ಅಷ್ಟು ಹೊತ್ತಿನಲ್ಲಿ ಪ್ರವಾಹ ತನ್ನ ಅಂತಿಮ ಬೆಲೆಯ ಶೇಕಡಾ 63ರಷ್ಟನ್ನು ಮುಟ್ಟುತ್ತದೆ. ಅದರ ಐದು ಪಟ್ಟು ಹೊತ್ತಿನಲ್ಲಿ ಶೇಕಡಾ 99ನ್ನು ದಾಟುತ್ತದೆ. 1853ರಲ್ಲಿ ಫ್ರಾನ್ಸಿನ ಫಿಜೋ, ಪ್ರವಾಹವನ್ನು ಪದೇ ಪದೇ ಕಡಿಯುವ ಸಂಪರ್ಕಗಳಿಗೆ ಅಡ್ಡಲಾಗಿ ಒಂದು ಕೆಪಾಸಿಟರ್ ಜೋಡಿಸಿ ಕಿಡಿಯನ್ನು ತಗ್ಗಿಸಿದರು. ಈ ಕೆಪಾಸಿಟರನ್ನು ನೆನಪಿಡಿ. ನೂರು ವರ್ಷದ ನಂತರ ಅದು ಮತ್ತೆ ಕಥೆಗೆ ಬರುತ್ತದೆ.

ಶಾಖವಾಗಿ ಹೋದ ಶಕ್ತಿ

1888ರಲ್ಲಿ ಫ್ರಾಂಕ್ ಸ್ಪ್ರೇಗ್ ಅಮೆರಿಕದ ರಿಚ್ಮಂಡ್ ನಗರದಲ್ಲಿ ವಿದ್ಯುತ್ ಟ್ರಾಮುಗಳನ್ನು ಯಶಸ್ವಿಯಾಗಿ ಓಡಿಸಿದರು. ನಮ್ಮ ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿತು. ಅದು 1500 ವೋಲ್ಟ್ ನೇರ ವಿದ್ಯುತ್ತಿನ ರೈಲು. ಆ ಕಾಲದ ಇಂಥ ವಾಹನಗಳಲ್ಲೆಲ್ಲ ವೇಗ ನಿಯಂತ್ರಣದ ಉಪಾಯ ಒಂದೇ: ಮೋಟಾರಿನ ಜೊತೆ ಸರಣಿಯಲ್ಲಿ ದಪ್ಪ ರೋಧಕಗಳನ್ನು ಇಟ್ಟು, ಹೊರಡುವಾಗ ಹೆಚ್ಚುವರಿ ವೋಲ್ಟೇಜನ್ನು ಅವುಗಳ ಮೇಲೆ ಹೊರಿಸುವುದು. ವೇಗ ಹೆಚ್ಚಿದಂತೆ ರೋಧಕಗಳನ್ನು ಒಂದೊಂದಾಗಿ ತೆಗೆಯುವುದು.

ಈ ಏರ್ಪಾಡಿನ ಬೆಲೆ ಎಷ್ಟು? ಒಂದೇ ಪ್ರಮಾಣದ ಪ್ರವಾಹದಲ್ಲಿ ರೈಲು ಸಮವಾಗಿ ವೇಗ ಪಡೆಯುತ್ತಿದೆ ಎಂದುಕೊಳ್ಳಿ. ಮೋಟಾರಿನ ಪಾಲಿನ ವೋಲ್ಟೇಜ್ ಸೊನ್ನೆಯಿಂದ ಪೂರ್ತಿಯವರೆಗೆ ಏರುತ್ತದೆ, ರೋಧಕದ ಪಾಲು ಪೂರ್ತಿಯಿಂದ ಸೊನ್ನೆಗೆ ಇಳಿಯುತ್ತದೆ. ಸರಾಸರಿ ನೋಡಿದರೆ ಇಬ್ಬರಿಗೂ ಅರ್ಧರ್ಧ. ಅಂದರೆ ಈ ಹಂತದಲ್ಲಿ ತಂತಿಯಿಂದ ಪಡೆದ ಶಕ್ತಿಯಲ್ಲಿ ಅರ್ಧ ಬರಿಯ ಶಾಖ. ಎರಡು ಮೋಟಾರುಗಳನ್ನು ಮೊದಲು ಸರಣಿಯಲ್ಲಿ, ಆಮೇಲೆ ಸಮಾಂತರದಲ್ಲಿ ಜೋಡಿಸುವ ಜಾಣತನದಿಂದ ನಷ್ಟ ಮೂರನೆಯ ಒಂದಕ್ಕೆ ಇಳಿಯಿತು, ಅದಕ್ಕಿಂತ ಕೆಳಗಿಳಿಯಲಿಲ್ಲ. ಪ್ರತಿ ಒಂದೆರಡು ಕಿಲೋಮೀಟರಿಗೆ ನಿಂತು ಹೊರಡುವ ನಗರದ ರೈಲಿಗೆ ಇದು ದೊಡ್ಡ ಹೊರೆ. ಸುರಂಗದಲ್ಲಿ ಓಡುವ ರೈಲಿನಲ್ಲಂತೂ ಆ ಶಾಖಕ್ಕೆ ಹೋಗಲು ಜಾಗವೇ ಇಲ್ಲ.

ಆನ್ ಎಷ್ಟು, ಆಫ್ ಎಷ್ಟು?

ರೋಧಕದ ಬದಲು ಸ್ವಿಚ್ಚನ್ನೇ ಬಳಸಿದರೆ? ಸ್ವಿಚ್ಚು ಆನ್ ಇದ್ದಾಗ ಅದರ ಮೇಲೆ ವೋಲ್ಟೇಜ್ ಇಲ್ಲವೆನ್ನುವಷ್ಟು ಕಡಿಮೆ. ಆಫ್ ಇದ್ದಾಗ ಅದರಲ್ಲಿ ಪ್ರವಾಹವೇ ಇಲ್ಲ. ಎರಡೂ ಸ್ಥಿತಿಗಳಲ್ಲಿ ನಷ್ಟ ಅತ್ಯಲ್ಪ. ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್ ಮಾಡಿದರೆ ಹೊರೆಗೆ ಸಿಗುವ ಸರಾಸರಿ ವೋಲ್ಟೇಜ್ ಅರ್ಧ. ಕಾಲು ಹೊತ್ತು ಆನ್ ಆದರೆ ಕಾಲು ಭಾಗ.

ಆದರೆ ಆಫ್ ಆದಾಗ ಸುರುಳಿಯ ಪ್ರವಾಹ ಎಲ್ಲಿಗೆ ಹೋಗಬೇಕು? ಒಂದು ಲೆಕ್ಕ ನೋಡೋಣ. ಮೂಲ 100 ವೋಲ್ಟ್. ಹೊರೆಯ ರೋಧ 5 ಓಮ್, ಪ್ರೇರಕತೆ 50 ಮಿಲಿಹೆನ್ರಿ. ಅದರಲ್ಲಿ ಹರಿಯುವ 10 ಆಂಪಿಯರನ್ನು 10 ಮೈಕ್ರೋಸೆಕೆಂಡಿನಲ್ಲಿ ಸೊನ್ನೆಗೆ ಇಳಿಸಹೊರಟರೆ ಸುರುಳಿ ಹುಟ್ಟಿಸಬೇಕಾದ ವೋಲ್ಟೇಜ್ 50,000! ಅಷ್ಟರ ಮಟ್ಟಕ್ಕೆ ಹೋಗುವ ಮೊದಲೇ ಗಾಳಿ ಸೋತು ಕಿಡಿ ಹಾರುತ್ತದೆ, ಇಲ್ಲವೇ ಸ್ವಿಚ್ಚು ಹಾಳಾಗುತ್ತದೆ.

ಇದಕ್ಕೆ ಪರಿಹಾರ ಹೊರೆಗೆ ಅಡ್ಡಲಾಗಿ ಜೋಡಿಸಿದ ಒಂದು ಡಯೋಡ್. ಅದನ್ನು ಫ್ರೀವೀಲಿಂಗ್ ಡಯೋಡ್ ಎನ್ನುತ್ತಾರೆ. ಸೈಕಲ್ಲಿನ ಫ್ರೀವೀಲು ನಿಮಗೆಲ್ಲ ಗೊತ್ತು. ಪೆಡಲ್ ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ತನ್ನ ಪಾಡಿಗೆ ಉರುಳುತ್ತದೆ. ಹಾಗೆಯೇ ಸ್ವಿಚ್ಚು ಆಫ್ ಆದೊಡನೆ ಸುರುಳಿಯ ಪ್ರವಾಹ ಡಯೋಡಿನ ಮೂಲಕ ಸುತ್ತು ಹೊಡೆಯುತ್ತ ನಿಧಾನವಾಗಿ ಇಳಿಯುತ್ತದೆ. ಪೂರ್ತಿ ಇಳಿಯುವ ಮೊದಲೇ ಸ್ವಿಚ್ಚು ಮತ್ತೆ ಆನ್ ಆದರೆ ಮತ್ತೆ ಏರುತ್ತದೆ.

ಈಗ ಕಾಲಗಳ ಲೆಕ್ಕ. ನಮ್ಮ ಮಂಡಲದ ಕಾಲ ಸ್ಥಿರಾಂಕ, 50 ಮಿಲಿಹೆನ್ರಿ ಭಾಗಿಸು 5 ಓಮ್, ಅಂದರೆ 10 ಮಿಲಿಸೆಕೆಂಡು. ಸ್ವಿಚ್ಚನ್ನು 1 ಮಿಲಿಸೆಕೆಂಡು ಆನ್, 1 ಮಿಲಿಸೆಕೆಂಡು ಆಫ್ ಮಾಡೋಣ, ಅಂದರೆ ಸೆಕೆಂಡಿಗೆ 500 ಬಾರಿ. ಸರಾಸರಿ ವೋಲ್ಟೇಜ್ 50, ಸರಾಸರಿ ಪ್ರವಾಹ 10 ಆಂಪಿಯರ್. ಹೆಲ್ಮ್‌ಹೋಲ್ಟ್ಸ್ ಅವರ ಸೂತ್ರ ಹಾಕಿದರೆ ಪ್ರವಾಹ 9.5 ಮತ್ತು 10.5 ಆಂಪಿಯರುಗಳ ನಡುವೆ ಮಾತ್ರ ಏರಿಳಿಯುತ್ತದೆ. ವೋಲ್ಟೇಜ್ ತುಂಡುತುಂಡಾದರೂ ಪ್ರವಾಹ ಬಹುಮಟ್ಟಿಗೆ ಸಮ!

ಅದೇ ಅರ್ಧರ್ಧ ಪ್ರಮಾಣವನ್ನು ಉಳಿಸಿಕೊಂಡು ನಿಧಾನವಾಗಿ ಕತ್ತರಿಸಿ ನೋಡಿ. 10 ಮಿಲಿಸೆಕೆಂಡು ಆನ್, 10 ಮಿಲಿಸೆಕೆಂಡು ಆಫ್ ಆದರೆ ಪ್ರವಾಹ 5.4ರಿಂದ 14.6 ಆಂಪಿಯರುಗಳವರೆಗೆ ಹೊಯ್ದಾಡುತ್ತದೆ. 100 ಮಿಲಿಸೆಕೆಂಡು ಆನ್, 100 ಆಫ್ ಆದರೆ ಸೊನ್ನೆಯ ಸಮೀಪದಿಂದ 20 ಆಂಪಿಯರಿನವರೆಗೆ. ಮೂರರಲ್ಲೂ ಸರಾಸರಿ 10 ಆಂಪಿಯರೇ. ಆದರೆ ಮೊದಲನೆಯದರಲ್ಲಿ ರೈಲು ಸರಾಗವಾಗಿ ಓಡುತ್ತದೆ, ಕೊನೆಯದರಲ್ಲಿ ಜಗ್ಗಿ ಜಗ್ಗಿ ಪ್ರಯಾಣಿಕರನ್ನು ಬೀಳಿಸುತ್ತದೆ. ನಿಜವಾದ ಮೋಟಾರು ತಿರುಗುವಾಗ ತಾನೇ ಒಂದು ಎದುರು ವೋಲ್ಟೇಜನ್ನು ಉಂಟುಮಾಡುವುದರಿಂದ ಲೆಕ್ಕ ಸ್ವಲ್ಪ ಬದಲಾಗುತ್ತದೆ. ತತ್ತ್ವ ಮಾತ್ರ ಇದೇ. ಹೆನ್ರಿಯವರಿಗೆ ಕಿಡಿಯಾಗಿ ಕಂಡ ಸುರುಳಿಯ ಹಟ ಇಲ್ಲಿ ಪ್ರವಾಹವನ್ನು ಸಮಗೊಳಿಸುವ ಗುಣವಾಗಿದೆ. ಕತ್ತರಿಸುವ ಕಾಲ, ಕಾಲ ಸ್ಥಿರಾಂಕಕ್ಕಿಂತ ಬಹಳ ಚಿಕ್ಕದಾಗಿರಬೇಕು ಅಷ್ಟೆ.

ಆರಲು ಒಪ್ಪದ ಸ್ವಿಚ್ಚು

ಸೆಕೆಂಡಿಗೆ ನೂರಾರು ಬಾರಿ, ದಿನವಿಡೀ, ನೂರಾರು ಆಂಪಿಯರುಗಳನ್ನು ಕತ್ತರಿಸುವ ಸ್ವಿಚ್ಚು ಎಲ್ಲಿಂದ ತರುವುದು? ಲೋಹದ ಸಂಪರ್ಕಗಳು ಸವೆದುಹೋಗುತ್ತವೆ. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತಾದರೂ ಮೊದಲ ಟ್ರಾನ್ಸಿಸ್ಟರುಗಳಿಗೆ ರೈಲಿನ ಹೊರೆಯನ್ನು ಹೊರುವ ಶಕ್ತಿ ಇರಲಿಲ್ಲ. ಉತ್ತರ ಬಂದದ್ದು 1957ರಲ್ಲಿ. ನಾಲ್ಕು ಪದರಗಳ ಸಿಲಿಕಾನ್ ಸ್ವಿಚ್ಚನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಗಾರ್ಡನ್ ಹಾಲ್ ಮತ್ತು ಸಂಗಡಿಗರು ತಯಾರಿಸಿದರು. ಅದೇ ಕಂಪನಿಯ ಗುಟ್ಸ್‌ವಿಲರ್ ಅದರ ಉಪಯೋಗಗಳನ್ನು ಮುಂದೆ ತಂದರು. ಅದೇ ಥೈರಿಸ್ಟರ್.

ಅದರ ಗೇಟ್ ಎಂಬ ತುದಿಗೆ ಒಂದು ಚಿಕ್ಕ ಸಂಕೇತ ಕೊಟ್ಟರೆ ಸಾಕು, ಥೈರಿಸ್ಟರ್ ಆನ್ ಆಗುತ್ತದೆ. ಆದರೆ ಆಮೇಲೆ ಗೇಟಿನ ಮಾತು ನಡೆಯುವುದಿಲ್ಲ! ತನ್ನಲ್ಲಿ ಹರಿಯುವ ಪ್ರವಾಹ ಸೊನ್ನೆಯ ಹತ್ತಿರ ಬಂದಾಗಲೇ ಅದು ಆರುವುದು. ಪರ್ಯಾಯ ವಿದ್ಯುತ್ತಿನಲ್ಲಿ ಇದು ತೊಂದರೆಯಲ್ಲ. 50 ಹರ್ಟ್ಸ್ ಪ್ರವಾಹ ಸೆಕೆಂಡಿಗೆ 100 ಬಾರಿ ತಾನಾಗಿಯೇ ಸೊನ್ನೆಯನ್ನು ಹಾಯುತ್ತದೆ. ನೇರ ವಿದ್ಯುತ್ತಿನಲ್ಲಿ ಅಂಥ ಸೊನ್ನೆ ಬರುವುದೇ ಇಲ್ಲ. ಜೊತೆಗೆ, ಪ್ರವಾಹ ನಿಂತ ಮೇಲೂ ಸಿಲಿಕಾನಿನೊಳಗೆ ಉಳಿದಿರುವ ವಿದ್ಯುದ್ವಾಹಕ ಕಣಗಳು ಕರಗಿಹೋಗಲು ಸ್ವಲ್ಪ ಹೊತ್ತು ಬೇಕು. ಅಷ್ಟರೊಳಗೆ ಮುಮ್ಮುಖ ವೋಲ್ಟೇಜ್ ಬಿದ್ದರೆ ಥೈರಿಸ್ಟರ್ ಗೇಟಿನ ಅಪ್ಪಣೆಯಿಲ್ಲದೆ ಮತ್ತೆ ಹೊತ್ತಿಕೊಳ್ಳುತ್ತದೆ. ಇದೇ ನಾವು ಆರಂಭದಲ್ಲಿ ಹೇಳಿದ ಮೂರನೆಯ ಕಾಲ.

ಇಲ್ಲಿ ಕೆಪಾಸಿಟರ್ ಮತ್ತೆ ಬರುತ್ತದೆ. 1960ರ ದಶಕದಲ್ಲಿ ವಿಲಿಯಂ ಮ್ಯಾಕ್‌ಮರ್ರೆ, ಬೆಡ್‌ಫರ್ಡ್, ಹಾಫ್ಟ್ ಮೊದಲಾದವರು ಥೈರಿಸ್ಟರನ್ನು ಬಲವಂತವಾಗಿ ಆರಿಸುವ ಮಂಡಲಗಳನ್ನು ಬೆಳೆಸಿದರು. ಅವುಗಳಲ್ಲಿ ಸರಳವಾದೊಂದರ ಕ್ರಮ ಹೀಗೆ: ಒಂದು ಕೆಪಾಸಿಟರನ್ನು ಮೊದಲೇ ಚಾರ್ಜ್ ಮಾಡಿ ಇಟ್ಟುಕೊಳ್ಳುವುದು. ಆರಿಸಬೇಕಾದಾಗ ಇನ್ನೊಂದು ಪುಟ್ಟ ಥೈರಿಸ್ಟರಿನ ಮೂಲಕ ಅದನ್ನು ಮುಖ್ಯ ಥೈರಿಸ್ಟರಿಗೆ ತಿರುಗುಮುರುಗಾಗಿ ಜೋಡಿಸುವುದು. ಹೊರೆಯ ಪ್ರವಾಹವೆಲ್ಲ ಕೆಪಾಸಿಟರಿನ ದಾರಿ ಹಿಡಿಯುತ್ತದೆ. ಅದು ಬರಿದಾಗುವವರೆಗೆ ಮುಖ್ಯ ಥೈರಿಸ್ಟರಿಗೆ ಹಿಮ್ಮುಖ ವೋಲ್ಟೇಜ್. ಅಷ್ಟು ಹೊತ್ತು ಅದಕ್ಕೆ ಬಿಡುವು.

ಬಿಡುವಿನ ಕಾಲ ಎಷ್ಟು? ಕೆಪಾಸಿಟರಿನ ಧಾರಕತೆಯನ್ನು ವೋಲ್ಟೇಜಿನಿಂದ ಗುಣಿಸಿ, ಪ್ರವಾಹದಿಂದ ಭಾಗಿಸಿದಷ್ಟು. ನಮ್ಮ ಮಂಡಲದಲ್ಲಿ 4.2 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ, ಥೈರಿಸ್ಟರಿಗೆ ಕನಿಷ್ಠ 30 ಮೈಕ್ರೋಸೆಕೆಂಡು ಬಿಡುವು ಬೇಕು ಎಂದುಕೊಳ್ಳೋಣ. ಸರಾಸರಿ ಪ್ರವಾಹ 10 ಆಂಪಿಯರ್ ಇಟ್ಟು ಲೆಕ್ಕ ಹಾಕಿದರೆ 42 ಮೈಕ್ರೋಸೆಕೆಂಡು ಸಿಗುತ್ತದೆ. ಭಯವಿಲ್ಲ ಅನ್ನಿಸುತ್ತದೆ.

ಆದರೆ ಸ್ವಿಚ್ಚು ಆರುವುದು ಪ್ರವಾಹ ಸರಾಸರಿಯಲ್ಲಿದ್ದಾಗ ಅಲ್ಲ. ಅದು ತುತ್ತತುದಿಗೆ ಏರಿದ ಕ್ಷಣದಲ್ಲಿ. ಸೆಕೆಂಡಿಗೆ 500 ಬಾರಿ ಕತ್ತರಿಸುವಾಗ ಆ ತುದಿ 10.5 ಆಂಪಿಯರ್, ಸಿಗುವ ಬಿಡುವು 40 ಮೈಕ್ರೋಸೆಕೆಂಡು. ಸಾಕು. ಸೆಕೆಂಡಿಗೆ 50 ಬಾರಿ ಮಾತ್ರ ಕತ್ತರಿಸಿದಾಗ ತುದಿ 14.6 ಆಂಪಿಯರ್; ಬಿಡುವು 29 ಮೈಕ್ರೋಸೆಕೆಂಡಿಗೂ ಕಡಿಮೆ. ಸಾಲದು! ಥೈರಿಸ್ಟರ್ ಆರುವುದಿಲ್ಲ. ಹೊರೆಗೆ ಪೂರ್ತಿ 100 ವೋಲ್ಟ್ ಬಿದ್ದು ಪ್ರವಾಹ 20 ಆಂಪಿಯರಿನತ್ತ ಏರುತ್ತದೆ. ಇನ್ನು ಫ್ಯೂಸ್ ಅಥವಾ ಬ್ರೇಕರ್ ಬಂದು ಕಾಪಾಡಬೇಕು.

ಎರಡೂ ಸಂದರ್ಭಗಳಲ್ಲಿ ಮೀಟರ್ ತೋರಿಸುವ ಸರಾಸರಿ ಒಂದೇ, ಕೆಪಾಸಿಟರ್ ಒಂದೇ, ಥೈರಿಸ್ಟರ್ ಒಂದೇ. ಒಂದು ಕೆಲಸ ಮಾಡುತ್ತದೆ, ಇನ್ನೊಂದು ಕೈಕೊಡುತ್ತದೆ. ಮೂರು ಕಾಲಗಳನ್ನು ಬೇರೆ ಬೇರೆಯಾಗಿ ನೋಡದೆ ಒಟ್ಟಿಗೇ ಲೆಕ್ಕ ಹಾಕಬೇಕು ಎನ್ನುವುದು ಇದೇ ಕಾರಣಕ್ಕೆ. ರೈಲು ಏರು ಹತ್ತುವಾಗ, ಜನ ಕಿಕ್ಕಿರಿದಿದ್ದಾಗ ಪ್ರವಾಹ ಹೆಚ್ಚು. ಬಿಡುವು ಕಡಿಮೆಯಾಗುವುದೂ ಆಗಲೇ. ಹಾಗೆಂದು ಅತಿ ವೇಗವಾಗಿ ಕತ್ತರಿಸುವಂತೆಯೂ ಇಲ್ಲ. ಪ್ರತಿ ಬಾರಿ ಕೆಪಾಸಿಟರ್ ಮತ್ತೆ ಸಿದ್ಧವಾಗಲು ಹೊತ್ತು ಬೇಕು, ಪ್ರತಿ ಬಾರಿಯೂ ಸ್ವಲ್ಪ ಶಕ್ತಿ ನಷ್ಟವಾಗುತ್ತದೆ. ಆದ್ದರಿಂದ ರೈಲಿನ ಥೈರಿಸ್ಟರ್ ಚಾಪರುಗಳು ಸಾಮಾನ್ಯವಾಗಿ ಸೆಕೆಂಡಿಗೆ ಕೆಲವು ನೂರು ಬಾರಿಯ ಮಿತಿಯಲ್ಲೇ ಉಳಿದವು.

ಕಿಡಿಯೇ ರೈಲಿಗೆ ಬಲವಾಯಿತು

ಈ ಲೆಕ್ಕಗಳು ಕೈಗೂಡಿದ ಮೇಲೆ ಚಾಪರ್ ಹಳಿಯ ಮೇಲೆ ಬಂತು. 1971ರಲ್ಲಿ ಟೋಕಿಯೋದ ಭೂಗತ ರೈಲಿನ ಚಿಯೋದಾ ಮಾರ್ಗದಲ್ಲಿ 6000 ಸರಣಿಯ ಚಾಪರ್ ರೈಲುಗಳು ಸಂಚಾರಕ್ಕೆ ಇಳಿದವು. 1972ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ‘ಬಾರ್ಟ್’ ರೈಲುಗಳು 1000 ವೋಲ್ಟ್ ನೇರ ವಿದ್ಯುತ್ತಿನ ಮೇಲೆ ಚಾಪರಿನಿಂದಲೇ ಓಡತೊಡಗಿದವು.

ಟೋಕಿಯೋದ ರೈಲುಗಳಲ್ಲಿ ಇನ್ನೊಂದು ವಿಶೇಷವಿತ್ತು. ಬ್ರೇಕ್ ಹಾಕುವಾಗ ಮೋಟಾರು ಡೈನಮೋ ಆಗುತ್ತದೆ. ಆದರೆ ಅದರ ವೋಲ್ಟೇಜ್ ತಂತಿಯ ವೋಲ್ಟೇಜಿಗಿಂತ ಕಡಿಮೆಯಾದರೆ ವಿದ್ಯುತ್ತು ಹಿಂದಕ್ಕೆ ಹರಿಯುವುದು ಹೇಗೆ? ಚಾಪರ್ ಮೊದಲು ಮೋಟಾರಿನ ತುದಿಗಳನ್ನು ಸುರುಳಿಯ ಮೂಲಕ ಜೋಡಿಸಿ ಪ್ರವಾಹವನ್ನು ಏರಿಸುತ್ತದೆ. ಆಮೇಲೆ ಥಟ್ಟನೆ ಆಫ್ ಆಗುತ್ತದೆ. ಪ್ರವಾಹವನ್ನು ಬಿಡಲೊಲ್ಲದ ಸುರುಳಿ ವೋಲ್ಟೇಜನ್ನು ತಾನೇ ಏರಿಸಿ ಡಯೋಡಿನ ಮೂಲಕ ಅದನ್ನು ತಂತಿಗೆ ತಳ್ಳುತ್ತದೆ. ಹತ್ತಿರದಲ್ಲಿ ಇನ್ನೊಂದು ರೈಲು ಹೊರಡುತ್ತಿದ್ದರೆ ಆ ಶಕ್ತಿ ಅದಕ್ಕೆ ಸಲ್ಲುತ್ತದೆ. ಹೆನ್ರಿಯವರ ತಂತಿಯ ತುದಿಯಲ್ಲಿ ಕಿಡಿಯಾಗಿ ಹಾರಿಹೋದದ್ದು ಇಲ್ಲಿ ಪಕ್ಕದ ರೈಲನ್ನು ಎಳೆಯುತ್ತದೆ.

ನಮ್ಮ ದೂರದರ್ಶನ ಮಾಧ್ಯಮವೂ ದಶಕಗಳ ಕಾಲ ಇದೇ ತತ್ತ್ವವನ್ನು ನಂಬಿಕೊಂಡಿತ್ತು. ಕೊಳವೆಯಿದ್ದ ಹಳೆಯ ಟಿ.ವಿ.ಗಳಲ್ಲಿ ಎಲೆಕ್ಟ್ರಾನ್ ಕಿರಣವನ್ನು ಅಡ್ಡಲಾಗಿ ಓಡಿಸುತ್ತಿದ್ದುದು ಒಂದು ಸುರುಳಿ. ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಆದ್ದರಿಂದ ಆ ಸುರುಳಿಯ ಪ್ರವಾಹ ಸೆಕೆಂಡಿಗೆ 15,625 ಬಾರಿ ಏರಿ ಕಡಿಯುತ್ತಿತ್ತು. ಒಂದು ಗೆರೆಗೆ ಸಿಗುತ್ತಿದ್ದ ಕಾಲ 64 ಮೈಕ್ರೋಸೆಕೆಂಡು. ಕಡಿದಾಗ ಹುಟ್ಟುವ ವೋಲ್ಟೇಜ್ ನೆಗೆತವನ್ನೇ ಟ್ರಾನ್ಸ್‌ಫಾರ್ಮರಿನಿಂದ ಇನ್ನಷ್ಟು ಏರಿಸಿ ಕೊಳವೆಗೆ ಬೇಕಾದ ಸಾವಿರಾರು ವೋಲ್ಟುಗಳನ್ನು ಪಡೆಯುತ್ತಿದ್ದರು.

ಜಾಲಹಳ್ಳಿಯ ಹುಡುಗ

ಕಥೆಯ ಮುಂದಿನ ಅಧ್ಯಾಯದಲ್ಲಿ ನಮ್ಮ ನಾಡಿನ ನಂಟಿದೆ. ಬಂಟ್ವಾಳ ಜಯಂತ ಬಾಳಿಗಾ 1948ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದರು. ಅವರ ತಂದೆ ಅಲ್ಲಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಮದ್ರಾಸಿನ ಐ.ಐ.ಟಿ.ಯಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದ ಬಾಳಿಗಾ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾಲಯ ಸೇರಿದರು. 1980ರ ದಶಕದ ಆರಂಭದಲ್ಲಿ ಅವರು ಐ.ಜಿ.ಬಿ.ಟಿ. ಎಂಬ ಹೊಸ ಸ್ವಿಚ್ಚನ್ನು ರೂಪಿಸಿ ಬಳಕೆಗೆ ತಂದರು. ಆರ್.ಸಿ.ಎ., ತೋಷಿಬಾ ಸಂಸ್ಥೆಗಳ ಸಂಶೋಧಕರೂ ಇದೇ ದಿಕ್ಕಿನಲ್ಲಿ ದುಡಿದರು.

ಈ ಸ್ವಿಚ್ಚಿನಲ್ಲಿ ಗೇಟಿನ ಮಾತು ಎರಡೂ ಕಡೆಗೆ ನಡೆಯುತ್ತದೆ. ವೋಲ್ಟೇಜ್ ಕೊಟ್ಟರೆ ಆನ್, ತೆಗೆದರೆ ಆಫ್. ಬಲವಂತದ ಕೆಪಾಸಿಟರ್ ಬೇಡ. ಆದರೂ ಸಿಲಿಕಾನಿನೊಳಗೆ ಉಳಿಯುವ ಕಣಗಳ ತೊಂದರೆ ಇಲ್ಲಿಯೂ ಇತ್ತು. ಆಫ್ ಮಾಡಿದ ಮೇಲೂ ಪ್ರವಾಹ ಬಾಲದಂತೆ ಉಳಿಯುತ್ತಿತ್ತು. ಬಾಳಿಗಾ ಎಲೆಕ್ಟ್ರಾನ್ ಕಿರಣಗಳನ್ನು ಹಾಯಿಸಿ ಆ ಕಣಗಳ ಆಯುಸ್ಸನ್ನು ಕಡಿಮೆ ಮಾಡಿ, ಸ್ವಿಚ್ಚು ಆರುವ ಕಾಲವನ್ನು ಬೇಕಾದಂತೆ ಹೊಂದಿಸುವ ದಾರಿ ತೋರಿಸಿದರು. ಮೂರನೆಯ ಕಾಲ ಹೀಗೆ ಮನುಷ್ಯನ ಹಿಡಿತಕ್ಕೆ ಬಂತು. 2024ರಲ್ಲಿ ಅವರಿಗೆ ಫಿನ್ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಸಂದಿತು.

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಆರಂಭವಾದ ನಮ್ಮ ಮೆಟ್ರೋ 750 ವೋಲ್ಟ್ ನೇರ ವಿದ್ಯುತ್ತಿನ ಮೂರನೆಯ ಹಳಿಯಿಂದ ಶಕ್ತಿ ಪಡೆಯುತ್ತದೆ. ಅದರಲ್ಲಿರುವುದು ಪರ್ಯಾಯ ವಿದ್ಯುತ್ತಿನ ಮೋಟಾರು, ಐ.ಜಿ.ಬಿ.ಟಿ.ಗಳು ನೇರ ವಿದ್ಯುತ್ತನ್ನು ಕತ್ತರಿಸಿ ಜೋಡಿಸಿ ಅದನ್ನು ಒದಗಿಸುತ್ತವೆ. ಚಾಪರಿನ ಹೆಸರು ಬದಲಾದರೂ ಕೆಲಸ ಅದೇ: ಆನ್, ಆಫ್, ಮತ್ತು ಅವೆರಡರ ನಡುವಿನ ಕ್ಷಣ.

ಕೊನೆಯಲ್ಲಿ ನಿಮಗೊಂದು ಲೆಕ್ಕ. ಮೇಲಿನ ಮಂಡಲವನ್ನೇ ತೆಗೆದುಕೊಂಡು ಸ್ವಿಚ್ಚನ್ನು ಅರ್ಧ ಮಿಲಿಸೆಕೆಂಡು ಆನ್, ಒಂದೂವರೆ ಮಿಲಿಸೆಕೆಂಡು ಆಫ್ ಮಾಡಿ. ಸರಾಸರಿ ಪ್ರವಾಹ 5 ಆಂಪಿಯರ್ ಬರಬೇಕು, ತುದಿಯ ಪ್ರವಾಹ 5.4ರ ಸಮೀಪ. ಥೈರಿಸ್ಟರಿಗೆ ಸಿಗುವ ಬಿಡುವು ಎಷ್ಟು? ಅದು ಆರುತ್ತದೆಯೇ? ಕಾಗದ, ಪೆನ್ಸಿಲು ಹಿಡಿದು ಏರಿಳಿತದ ಗೆರೆಯನ್ನು ನೀವೇ ಎಳೆದು ನೋಡಿ.